ನೀವುವ ಕೈ

ನೊಣವಿನಕೆರೆಯ ನಮ್ಮ ಮನೆಯಲ್ಲಿ ನರಕಚತುರ್ದಶಿಯ ದಿನ ಕೋಳಿ ಕೂಗುವ ಮೊದಲೇ ಬಚ್ಚಲ ಒಲೆಗೆ ಉರಿ ಬೀಳುತ್ತಿತ್ತು. ತೆಂಗಿನ ಸೋಗೆ, ಮಟ್ಟೆ, ಕರಟಗಳು ಬೇಕಾದಷ್ಟಿರುವ ಸೀಮೆ ನಮ್ಮದು. ಸೌದೆಗೆ ಎಂದೂ ಬರವಿಲ್ಲ. ಹಂಡೆಯ ನೀರು ಕಾಯುವಷ್ಟರಲ್ಲಿ ನಮ್ಮಜ್ಜಿ ಹರಳೆಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡಿಕೊಂಡು ಬಂದು ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಮಣೆಯ ಮೇಲೆ ಕೂರಿಸುವಳು. ಮೊದಲು ನೆತ್ತಿಗೆ ಎಣ್ಣೆ ತಟ್ಟುವಳು. ಆಮೇಲೆ ಬೆನ್ನನ್ನು ಉದ್ದಕ್ಕೂ ನೀವುವಳು. ತೋಳಿನ ಮಾಂಸವನ್ನು ರೊಟ್ಟಿಯ ಹಿಟ್ಟಿನಂತೆ ನಾದುವಳು. ಮೊಣಕಾಲ ಚಿಪ್ಪಿನ ಸುತ್ತ ಹೆಬ್ಬೆರಳಿನಿಂದ ಉಜ್ಜುವಳು. ಪಾದವನ್ನು ಹಿಡಿದು ಅದುರಿಸಿ, ಬೆರಳುಗಳ ನೆಟಿಕೆ ತೆಗೆದು, ಬೆನ್ನಿನ ಮೇಲೊಂದು ಹಿತವಾದ ಗುದ್ದು ಕೊಟ್ಟು ಬಚ್ಚಲಿಗೆ ಅಟ್ಟುವಳು.

ತಟ್ಟುವುದು, ನೀವುವುದು, ನಾದುವುದು, ಉಜ್ಜುವುದು, ಅದುರಿಸುವುದು: ಈ ಮಾತುಗಳನ್ನು ನಾನು ಬೇಕೆಂದೇ ಬಿಡಿಬಿಡಿಯಾಗಿ ಹೇಳಿದೆ. ಮುಂದೆ ನಾನು ಭೌತಚಿಕಿತ್ಸೆಯನ್ನು ಕಲಿಯಲು ಬೆಂಗಳೂರಿಗೆ ಹೋದಾಗ ಮೊದಲ ವರ್ಷದ ಪಾಠದಲ್ಲಿ ಬಾಯಿಗೆ ಹೊರಳದ ಐದು ಹೆಸರುಗಳನ್ನು ಕಂಠಪಾಠ ಮಾಡಬೇಕಾಯಿತು. ಎಫ್ಲೂರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್ಮಾಂ, ವೈಬ್ರೇಷನ್. ಹದಿನೈದು ದಿನ ಗಿಣಿಪಾಠವಾಯಿತು. ಹದಿನಾರನೆಯ ದಿನ, ಅಧ್ಯಾಪಕರು ಮೇಜಿನ ಮೇಲೆ ಒಬ್ಬ ಸಹಪಾಠಿಯನ್ನು ಮಲಗಿಸಿ ಮಾಡಿ ತೋರಿಸಿದಾಗ ನನಗೆ ನಗು ಬಂದುಬಿಟ್ಟಿತು. ಅದು ಅಜ್ಜಿಯ ಮಣೆ. ಪೆಟ್ರಿಸಾಜ್ ಎಂದರೆ ಫ್ರೆಂಚಿನಲ್ಲಿ ಹಿಟ್ಟು ನಾದುವುದೇ ಹೌದು!

ಈ ಹೆಸರುಗಳನ್ನು ಬಳಕೆಗೆ ತಂದವನು ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಗೇಯೋರ್ಗ್ ಮೆಜ್ಗರ್. ೧೮೩೮ರಲ್ಲಿ ಹುಟ್ಟಿ ೧೯೦೯ರಲ್ಲಿ ತೀರಿಕೊಂಡ ಈತ ಯೂರೋಪಿನ ರಾಜಮನೆತನದವರ ಕೀಲುಗಳನ್ನು ತಿಕ್ಕಿ ಹೆಸರಾದವನು. ಆದರೆ ಇಂದಿಗೂ ಈ ಪದ್ಧತಿಗೆ ‘ಸ್ವೀಡಿಷ್ ಮಾಲೀಸು’ ಎಂದೇ ಹೆಸರು. ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ಸ್ಥಾಪಿಸಿದ ಪೆರ್ ಹೆನ್ರಿಕ್ ಲಿಂಗ್ ಎಂಬಾತನಿಗೆ ಲೋಕ ಆ ಕೀರ್ತಿಯನ್ನು ಕಟ್ಟಿಬಿಟ್ಟಿದೆ. ಬಿತ್ತಿದವನೊಬ್ಬ, ಬೆಳೆ ಒಬ್ಬನದು.

ನಮ್ಮವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಪಾದಾಭ್ಯಂಗಕ್ಕೆ ಪ್ರತ್ಯೇಕವಾದ ಸ್ಥಾನವನ್ನೇ ಕೊಟ್ಟಿದ್ದಾನೆ. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಪಟ್ಟಣದ ಸಮುದ್ರದಂಡೆಯಲ್ಲಿ ಸ್ನಾನಗೃಹವನ್ನು ತೆರೆದು, ಅಲ್ಲಿನ ಇಬ್ಬರು ದೊರೆಗಳಿಗೆ ‘ಶಾಂಪೂ ವೈದ್ಯ’ನಾದ. ೧೮೨೨ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಈಗ ನಾವು ತಲೆಗೆ ಹಾಕಿಕೊಳ್ಳುವ ಶಾಂಪೂ ಎಂಬ ನೊರೆಯ ಹೆಸರು ಮೂಲದಲ್ಲಿ ಮೈಯೊತ್ತುವುದಕ್ಕೆ ಹಿಂದಿಯಲ್ಲಿದ್ದ ಮಾತು. ನಮ್ಮ ಮಾತು ಕಡಲು ದಾಟಿ, ಸೀಸೆ ಸೇರಿ, ಬೆಲೆಚೀಟಿ ಅಂಟಿಸಿಕೊಂಡು ಮರಳಿ ಬಂದಿದೆ.

ಇರಲಿ. ಈ ಕೈಚಲನೆಗಳು ಮೈಯೊಳಗೆ ಏನು ಮಾಡುತ್ತವೆ? ಮೊದಲು ನೀವುವುದು. ಕನ್ನಡದಲ್ಲಿ ‘ನೀವು’ ಎಂದರೆ ಮೃದುವಾಗಿ ಸವರು ಎಂದೂ ಆಯಿತು, ಎದುರಿಗಿರುವವರನ್ನು ಗೌರವದಿಂದ ಕರೆದ ಹಾಗೂ ಆಯಿತು. ಇದು ಆಕಸ್ಮಿಕವೇ ಇರಬಹುದು. ಆದರೂ ಈ ಆಕಸ್ಮಿಕ ನನಗೆ ಪ್ರಿಯವಾದದ್ದು. ನಮ್ಮ ಚರ್ಮದಲ್ಲಿ, ಮುಖ್ಯವಾಗಿ ರೋಮವಿರುವ ಕಡೆಗಳಲ್ಲಿ, ಒಂದು ಬಗೆಯ ತೆಳ್ಳನೆಯ ನರತಂತುಗಳಿವೆ. ಅವು ಚುಚ್ಚಿದರೆ, ಹಿಂಡಿದರೆ ಅಷ್ಟಾಗಿ ಮಿಡಿಯವು. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರಿನಷ್ಟು ನಿಧಾನವಾಗಿ, ಹಗುರವಾಗಿ ಸವರಿದಾಗಲೇ ಚೆನ್ನಾಗಿ ಮಿಡಿಯುತ್ತವೆ. ತಾಯಿ ಮಗುವಿನ ತಲೆ ಸವರುವ ವೇಗ ಅದು. ಮೈಯೊತ್ತುವವರು ಮೊದಲು ನೀವುವುದಕ್ಕೆ ಕಾರಣ ಎಣ್ಣೆ ಹರಡಲಿ ಎಂಬುದಷ್ಟೇ ಅಲ್ಲ. ಹೊಸಬರ ಕೈ ಬಿದ್ದ ಕೂಡಲೇ ಬಿಗಿದುಕೊಳ್ಳುವ ಮೈಯನ್ನು ಒಪ್ಪಿಸುವುದೂ ಆ ಕೈಯ ಕೆಲಸ.

ನಾದುವುದು ಮಾಂಸಖಂಡಕ್ಕೆ. ದಿನವೆಲ್ಲ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಸುಲಿಯುವವನ ಮುಂಗೈಯನ್ನು ಮುಟ್ಟಿ ನೋಡಿ, ಹಗ್ಗ ಹೊಸೆದಂತಿರುತ್ತದೆ. ಅದನ್ನು ಎತ್ತಿ, ಹಿಸುಕಿ, ಬಿಟ್ಟಾಗ ಬಿಗಿ ಸಡಿಲುತ್ತದೆ. ಹಾಗೆಂದು ಅಲ್ಲಿ ನಿಜವಾದ ಗಂಟೇನೂ ಬಿಚ್ಚಿಕೊಳ್ಳುವುದಿಲ್ಲ. ಸ್ನಾಯುವಿಗೆ ಬಿಗಿದುಕೋ ಎಂದು ಆಜ್ಞೆ ಮಾಡುತ್ತಿದ್ದ ನರಮಂಡಲ ತುಸು ಹೊತ್ತು ಆ ಆಜ್ಞೆಯನ್ನು ಹಿಂತೆಗೆದುಕೊಳ್ಳುತ್ತದೆ. ನೋವೂ ಅಷ್ಟೆ. ಬಾಗಿಲಿಗೆ ಮೊಣಕೈ ಬಡಿದರೆ ನಾವು ಯೋಚಿಸುವ ಮೊದಲೇ ಅಲ್ಲಿ ಉಜ್ಜಿಕೊಳ್ಳುತ್ತೇವಲ್ಲ, ಅದಕ್ಕೆ ೧೯೬೫ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ವಿವರಣೆ ಕೊಟ್ಟರು. ಸ್ಪರ್ಶದ ಸುದ್ದಿಯೂ ನೋವಿನ ಸುದ್ದಿಯೂ ಬೆನ್ನುಹುರಿಯ ಒಂದೇ ಬಾಗಿಲನ್ನು ಹಾದು ಮಿದುಳಿಗೆ ಹೋಗಬೇಕು. ಸ್ಪರ್ಶ ನುಗ್ಗಿದಾಗ ನೋವಿಗೆ ಬಾಗಿಲು ಕಿರಿದಾಗುತ್ತದೆ. ಅವರು ಬಿಡಿಸಿದ ಚಿತ್ರದಲ್ಲಿ ಆಮೇಲೆ ಅನೇಕ ತಿದ್ದುಪಡಿಗಳಾಗಿವೆ; ಬಾಗಿಲಿನ ಮಾತು ಮಾತ್ರ ಉಳಿದಿದೆ.

ಉಜ್ಜುವುದರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಒಂದು ವಿಶೇಷವನ್ನು ಸೇರಿಸಿದ. ನೊಂದ ಕಟ್ಟುನಾರಿನ ಮೇಲೆ, ಎಳೆಯುದ್ದಕ್ಕೆ ಅಲ್ಲ, ಎಳೆಗೆ ಅಡ್ಡಲಾಗಿ, ಬೆರಳ ತುದಿಯಿಂದ ಆಳವಾಗಿ ತಿಕ್ಕಬೇಕು ಎಂದ. ಇದಕ್ಕೆ ಎಣ್ಣೆ ಕೂಡದು; ಬೆರಳು ಜಾರಬಾರದು. ತಟ್ಟುವುದರ ಉಪಯೋಗ ಬೇರೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಬೆನ್ನಿಗೆ ತಟ್ಟಿ ಎದೆಯ ಕಫವನ್ನು ಸಡಿಲಿಸುವುದನ್ನು ಆಸ್ಪತ್ರೆಗಳಲ್ಲಿ ನೀವು ನೋಡಿರಬಹುದು.

‘ಬಲವಾಗಿ ಒತ್ತಿದಷ್ಟೂ ಗುಣ’ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ನೋವಾಗದಿದ್ದರೆ ಕೊಟ್ಟ ದುಡ್ಡು ದಂಡವಾಯಿತೆಂದು ಭಾವಿಸುವವರು ಉಂಟು. ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ಹೆಂಗಸರಿಗೆ ತೋಳು ಬಾತುಕೊಳ್ಳುತ್ತದೆ. ಡೆನ್ಮಾರ್ಕಿನ ಎಮಿಲ್ ವೋಡರ್ ೧೯೩೦ರ ದಶಕದಲ್ಲಿ ರೂಪಿಸಿದ ಒಂದು ಕೈಚಳಕ ಅಂಥವರಿಗೆ ನೆರವಾಗುತ್ತದೆ. ಅದರಲ್ಲಿ ಚರ್ಮವನ್ನು ಒತ್ತುವುದೇ ಇಲ್ಲ. ಹೂವಿನ ಎಸಳನ್ನು ಸರಿಸಿದಷ್ಟೇ ಹಗುರವಾಗಿ ಸರಿಸುತ್ತಾರೆ. ಚರ್ಮದಡಿಯ ದುಗ್ಧರಸದ ನಾಳಗಳು ಅಷ್ಟು ಸೂಕ್ಷ್ಮ. ಅಲ್ಲಿ ಪೈಲ್ವಾನನ ಕೈ ಬಿದ್ದರೆ ಕೆಲಸ ಕೆಟ್ಟಿತು.

ಮಾಲೀಸಿನ ಹೆಸರಿನಲ್ಲಿ ಹೇಳುವ ಸುಳ್ಳುಗಳೂ ಕಡಿಮೆಯಿಲ್ಲ. ಕೊಬ್ಬು ಕರಗುತ್ತದೆ ಎನ್ನುತ್ತಾರೆ, ಕರಗುವುದಿಲ್ಲ. ಕೆಟ್ಟ ರಕ್ತ ಹೊರಗೆ ಹೋಗುತ್ತದೆ ಎನ್ನುತ್ತಾರೆ; ರಕ್ತದಲ್ಲಿ ಕೆಟ್ಟದ್ದಿದ್ದರೆ ಅದನ್ನು ಸೋಸುವುದಕ್ಕೆ ಮೂತ್ರಪಿಂಡ, ಯಕೃತ್ತುಗಳಿವೆ. ದಣಿದ ಸ್ನಾಯುವಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎಂದು ನನಗೆ ತರಗತಿಯಲ್ಲೇ ಕಲಿಸಿದ್ದರು. ನಾನೂ ವರ್ಷಗಟ್ಟಲೆ ರೋಗಿಗಳಿಗೆ ಅದನ್ನೇ ಒಪ್ಪಿಸಿದೆ. ೨೦೧೨ರಲ್ಲಿ ಕೆನಡಾದ ವಿಜ್ಞಾನಿಗಳು ಹನ್ನೊಂದು ತರುಣರನ್ನು ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಾಲೀಸು ಮಾಡಿ, ಎರಡೂ ತೊಡೆಗಳ ಸ್ನಾಯುವಿನ ಚೂರನ್ನು ತೆಗೆದು ಪರೀಕ್ಷಿಸಿದರು. ಆಮ್ಲದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಮಾಲೀಸಾದ ಕಾಲಿನಲ್ಲಿ ಉರಿಯೂತದ ಕುರುಹುಗಳು ಕಡಿಮೆಯಾಗಿದ್ದವು. ಬೆನ್ನುನೋವಿಗೂ ಮಾಲೀಸು ಕೆಲವು ದಿನ, ಕೆಲವು ವಾರ ಹಿತ ಕೊಡುತ್ತದೆ. ಆ ಹಿತದ ಅವಧಿಯಲ್ಲಿ ಎದ್ದು ನಡೆದಾಡಿ ವ್ಯಾಯಾಮ ಮಾಡಿದವನಿಗೆ ಲಾಭ, ಮತ್ತೆ ಮಲಗಿದವನಿಗೆ ಏನೂ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಎಡಗೈಯ ಕತೆಯನ್ನು ಹೇಳಲೇಬೇಕು. ಕೇಳುಗರಿಗೆ ನನ್ನ ಕೈ ಕಾಣದು. ನೋಡಿದ್ದರೆ ಗೊತ್ತಾಗುತ್ತಿತ್ತು, ಅದು ಮೊಣಕೈಯಲ್ಲಿ ಅರ್ಧ ಮಡಿಸಿ ನಿಂತುಬಿಡುತ್ತದೆ. ಎಡಗೈಯಿಂದ ಎಡ ಹೆಗಲನ್ನು ಮುಟ್ಟಿ ಐವತ್ತು ವರ್ಷಗಳ ಮೇಲಾಯಿತು.

ನಾನಾಗ ಒಂಬತ್ತು ವರ್ಷದವನು. ಕೆರೆಯ ಹಿಂದಿನ ತೋಟದಲ್ಲಿ ಸೀಬೆ ಮರ ಹತ್ತಿ ಬಿದ್ದೆ. ಮೊಣಕೈ ಊದಿಕೊಂಡಿತು. ಪಕ್ಕದ ಹಳ್ಳಿಯಲ್ಲಿ ಉಳುಕು ತೆಗೆಯುವುದರಲ್ಲಿ ಹೆಸರಾದ ಹಿರಿಯರೊಬ್ಬರಿದ್ದರು. ಕಾಸು ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟರೆ ಮುಗಿಯಿತು. ಅವರು ಕೈ ಮುಟ್ಟಿ ನೋಡಿ, ‘ಉಳುಕು, ದಿನಾ ನೀವಿದರೆ ಸರಿಹೋಗುತ್ತೆ’ ಎಂದರು. ದಿನಾ ನೀವಿದರು. ನಾನು ಕಿರುಚುತ್ತಿದ್ದೆ, ಅಜ್ಜಿ ನನ್ನ ತಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಅಳುತ್ತ ಹಿಡಿದುಕೊಳ್ಳುತ್ತಿದ್ದಳು. ಮೂರು ವಾರಗಳಲ್ಲಿ ಊತ ಇಳಿಯಿತು. ಕೈ ಮಾತ್ರ ಮರದ ಕೊರಡಾಯಿತು.

ಆಮೇಲೆ ಏನಾಯಿತೆಂಬುದನ್ನು ತಿಳಿಯಲು ನಾನು ಕಾಲೇಜು ಸೇರಬೇಕಾಯಿತು. ಮಕ್ಕಳ ಮೊಣಕೈಗೆ ಪೆಟ್ಟು ಬಿದ್ದಾಗ ಸುತ್ತಲಿನ ಸ್ನಾಯು ಹರಿದು ಒಳಗೆ ರಕ್ತ ನಿಲ್ಲುತ್ತದೆ. ಅದನ್ನು ಅಲುಗಿಸದೆ ಬಿಟ್ಟರೆ ಮೈ ಆ ರಕ್ತವನ್ನು ತಾನೇ ಹೀರಿಕೊಳ್ಳುತ್ತದೆ. ಅದರ ಮೇಲೆ ದಿನಾ ತಿಕ್ಕಿದರೆ ಹರಿದದ್ದು ಮತ್ತೆ ಹರಿಯುತ್ತದೆ. ಕೆಲವು ವಾರಗಳಲ್ಲಿ ಮಾಂಸದೊಳಗೆ ಮೂಳೆ ಬೆಳೆಯತೊಡಗುತ್ತದೆ. ಮಯೋಸೈಟಿಸ್ ಆಸಿಫಿಕಾನ್ಸ್ ಎಂದು ಅದಕ್ಕೆ ದೊಡ್ಡ ಹೆಸರು. ನಮ್ಮ ದೇಶದ ಮೂಳೆವೈದ್ಯರಿಗೆ ಇದು ಚೆನ್ನಾಗಿ ಪರಿಚಿತ. ಬಿದ್ದ ಮಕ್ಕಳನ್ನು ನಾವು ಮೊದಲು ಕರೆದೊಯ್ಯುವುದು ಎಣ್ಣೆಯ ಬಳಿಗೆ ತಾನೆ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಬಹಳ ಕಾಲ ಇತ್ತು. ಆದರೆ ಅವರ ಕೈಯಿಂದ ಗುಣವಾದವರನ್ನೂ ನಾನು ಕಂಡಿದ್ದೇನೆ. ಜಾರಿದ ಹೆಗಲನ್ನು ಕ್ಷಣಾರ್ಧದಲ್ಲಿ ಕೂರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗವಾಡುವ ಜಟ್ಟಿಗಳು ಮೈ ನೀವುವುದರಲ್ಲಿಯೂ ಕೀಲು ಕೂರಿಸುವುದರಲ್ಲಿಯೂ ಹೆಸರಾದವರು. ಆಂಧ್ರದ ಪುತ್ತೂರಿನ ಕಟ್ಟು ಹಾಕಿಸಿಕೊಳ್ಳಲು ಇಂದಿಗೂ ನಮ್ಮ ಕಡೆಯಿಂದ ಜನ ಹೋಗುತ್ತಾರೆ. ಆ ಕೈಗಳಲ್ಲಿ ವಿದ್ಯೆ ಇಲ್ಲವೆನ್ನಲಾರೆ.

ನಮ್ಮೂರಿನವರಿಗೆ ಇದನ್ನು ಕೊಬ್ಬರಿಯ ಮಾತಿನಲ್ಲೇ ಹೇಳುತ್ತೇನೆ. ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಬಿದ್ದಿರುವ ಕಾಯನ್ನು ಅನುಭವಸ್ಥರು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಕರಟ ಬಿಟ್ಟು ಲೊಟಲೊಟ ಸದ್ದು ಮಾಡಿದರೆ ಕೊಬ್ಬರಿ ಆಯಿತೆಂದು ಅರ್ಥ. ಹತ್ತರಲ್ಲಿ ಒಂಬತ್ತು ಸಲ ಅವರ ಮಾತು ಸುಳ್ಳಾಗದು. ಆದರೆ ಅದೇ ಸದ್ದು ಮಾಡುವ ಕಾಯಿ ಒಡೆದಾಗ ಒಳಗೆ ಕೊಳೆತಿರುವುದೂ ಉಂಟು. ತಿಪಟೂರಿನ ಮಾರುಕಟ್ಟೆಯಲ್ಲಿ ಅದರಿಂದಾಗುವ ನಷ್ಟ ಒಂದು ಕಾಯಿಯದು. ನನ್ನ ಕಾಯಿಯನ್ನು ಒಡೆದು ನೋಡುವ ಯಂತ್ರ, ಎಕ್ಸ್‌ರೇ, ತಿಪಟೂರಿಗೂ ನೊಣವಿನಕೆರೆಗೂ ಇರುವ ಬಸ್ಸಿನ ದಾರಿಯಷ್ಟು ದೂರದಲ್ಲಿತ್ತು. ಯಾರಿಗೂ ಅದು ಹೊಳೆಯಲಿಲ್ಲ.

ಕೈ ಹಾಕಬಾರದ ಹೊತ್ತುಗಳಿವೆ ಎಂಬುದನ್ನು ನಮ್ಮ ಹಳಬರು ಅರಿಯದವರಲ್ಲ. ದಿನವೂ ಅಭ್ಯಂಗ ಮಾಡಿಕೊಳ್ಳಬೇಕು, ತಲೆ ಕಿವಿ ಪಾದಗಳಿಗೆ ವಿಶೇಷವಾಗಿ ಮಾಡಿಕೊಳ್ಳಬೇಕು ಎಂದು ಹೇಳುವ ವಾಗ್ಭಟನ ಅಷ್ಟಾಂಗಹೃದಯವೇ, ಅಜೀರ್ಣವಾದವನು, ಕಫ ಹೆಚ್ಚಿದವನು, ಶೋಧನ ಚಿಕಿತ್ಸೆ ಆದವನು ಅದನ್ನು ಬಿಡಬೇಕೆಂದೂ ಹೇಳುತ್ತದೆ. ನಾವು ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಮರೆತೆವು. ಇಂದಿನ ವೈದ್ಯ ಆ ಪಟ್ಟಿಗೆ ಸೇರಿಸುವುದರಲ್ಲಿ ಒಂದನ್ನು, ಮನೆಯಲ್ಲಿ ಬಾಣಂತಿ ಇರುವವರು ದಯವಿಟ್ಟು ಕಿವಿಗೊಟ್ಟು ಕೇಳಬೇಕು. ಹೆರಿಗೆಯಾದ ಮೇಲೆ, ಶಸ್ತ್ರಚಿಕಿತ್ಸೆಯಾದ ಮೇಲೆ, ಬಹಳ ದಿನ ಮಲಗಿದ ಮೇಲೆ, ಒಂದೇ ಕಾಲು ಊದಿಕೊಂಡು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಿದರೆ ಹೆಪ್ಪು ಸಡಿಲಗೊಂಡು ಶ್ವಾಸಕೋಶಕ್ಕೆ ಹೋಗಿ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಅಂಥ ಕಾಲಿಗೆ ಎಣ್ಣೆಯ ಬಟ್ಟಲು ಬೇಡ; ಆಸ್ಪತ್ರೆಗೆ ಗಾಡಿ ಕಟ್ಟಿರಿ.

ಬಾಣಂತಿಯ ಮಾತು ಬಂದದ್ದರಿಂದ ಕೂಸಿನ ಮಾತನ್ನೂ ಹೇಳುತ್ತೇನೆ. ನಮ್ಮ ಜಿಲ್ಲೆಯವರೇ ಆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಆ ತಲೆಮಾರಿನ ಹೆಂಗಸರು ಹಸುಗೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ೧೯೮೬ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ, ಹತ್ತು ದಿನ ಮೈ ನೀವಿ ಕೈಕಾಲು ಆಡಿಸಿ ನೋಡಿದರು. ನೀವಿಸಿಕೊಂಡ ಶಿಶುಗಳು ಉಳಿದವಕ್ಕಿಂತ ಶೇಕಡಾ ೪೭ರಷ್ಟು ಹೆಚ್ಚು ವೇಗವಾಗಿ ತೂಕ ಗಳಿಸಿದವು. ನಮ್ಮ ಸೂಲಗಿತ್ತಿಯರಿಗೆ ಇದನ್ನು ಹೇಳಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರೇನೋ. ಆದರೆ ಎಣ್ಣೆ ಚರ್ಮಕ್ಕೆ. ಕೂಸಿನ ಮೂಗಿಗೆ ಎಣ್ಣೆ ಬಿಡುವ, ಊದುವ ಪದ್ಧತಿಯನ್ನು ಕೈಬಿಡಲೇಬೇಕು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಸುಲಭವಾಗಿ ವಾಸಿಯಾಗುವಂಥದ್ದಲ್ಲ.

ಕ್ಷೌರದಂಗಡಿಯಲ್ಲಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಫಕ್ಕನೆ ತಿರುಗಿಸಿ ಕುತ್ತಿಗೆಯ ನೆಟಿಕೆ ತೆಗೆಯುವುದೂ ಹೀಗೆಯೇ. ಬೆರಳಿನ ನೆಟಿಕೆಯಲ್ಲಿ ಅಪಾಯವಿಲ್ಲ; ಕೀಲಿನ ದ್ರವದಲ್ಲಿ ಗಾಳಿಯ ಪೊಳ್ಳೊಂದು ಉಂಟಾಗುವಾಗ ಆಗುವ ಸದ್ದು ಅದು. ಕುತ್ತಿಗೆಯಲ್ಲಾದರೋ ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಮೂಳೆಯ ಕಿರಿದಾದ ರಂಧ್ರಗಳನ್ನು ಹಾದು ಹೋಗುತ್ತವೆ. ಆ ತಿರುವಿಗೆ ಒಳಪದರ ಹರಿದು ಪಾರ್ಶ್ವವಾಯು ಬಡಿದವರು ಅಪರೂಪಕ್ಕಾದರೂ ಉಂಟು. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ. ಕುತ್ತಿಗೆ ತಿರುಗಿಸಲು ಬಂದರೆ ಕೈ ಹಿಡಿದು ಬೇಡವೆನ್ನಿ.

ಈಗ ಊರೂರಿಗೆ ಮಾಲೀಸಿನ ಅಂಗಡಿಗಳು ಬಂದಿವೆ. ಬೋರ್ಡಿನ ಮೇಲೆ ಸ್ವೀಡಿಷ್, ಡೀಪ್ ಟಿಷ್ಯೂ, ಥಾಯ್, ಶಿಯಾತ್ಸು, ಕೇರಳದ ಕಿಳಿ ಎಂದು ಹೆಸರುಗಳ ಜಾತ್ರೆಯೇ ನೆರೆದಿರುತ್ತದೆ. ಹೆದರಬೇಕಾದ್ದಿಲ್ಲ. ಶಿಯಾತ್ಸು ಜಪಾನಿನವರು ಬೆರಳಿನಿಂದ ಒತ್ತುವುದು. ಥಾಯ್ ಪದ್ಧತಿಯಲ್ಲಿ ಬಟ್ಟೆ ತೊಟ್ಟವರ ಕೈಕಾಲನ್ನು ಎಳೆದು ಬಾಗಿಸುವುದೇ ಹೆಚ್ಚು. ಕಿಳಿಯೆಂದರೆ ಬಿಸಿ ಪೊಟ್ಟಣದ ಶಾಖ. ಮಿಕ್ಕದ್ದು ಅಜ್ಜಿಯ ಆ ಐದು ಕೆಲಸಗಳ ಹೆಚ್ಚು ಕಡಿಮೆ. ನಿಮ್ಮನ್ನು ಮಲಗಿಸುವವರು ಮೊದಲು ಏನನ್ನು ಕೇಳುತ್ತಾರೆಂಬುದನ್ನು ಗಮನಿಸಿ. ಸಕ್ಕರೆ ಕಾಯಿಲೆ ಉಂಟೇ, ಎಲ್ಲಾದರೂ ಬಿದ್ದಿರಾ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ಬಸುರಿಯೇ ಎಂದು ಕೇಳಿದವರ ಕೈಗೆ ಮೈ ಕೊಡಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿ ಎಣ್ಣೆ ಸುಟ್ಟರೂ ತಿಳಿಯುವುದಿಲ್ಲವಲ್ಲ. ಏನನ್ನೂ ಕೇಳದೆ ಮೊದಲು ಹಣದ ರಸೀತಿ ಹರಿಯುವವರ ಕೈಗೆ ಬೇಡ.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ನನಗೊಂದು ಬಿರುದು ಬಂದಿದೆ, ಡಾಕ್ಟ್ರಣ್ಣ ಎಂದು. ಡಾಕ್ಟರಲ್ಲವೆಂದು ಹೇಳಿ ಹೇಳಿ ಸೋತಿದ್ದೇನೆ. ಹೋದ ವರ್ಷ ಶ್ರಾವಣದಲ್ಲಿ ಕಾಯಿ ಕೀಳುವ ಒಬ್ಬಾತ ಮರದಿಂದ ಇಳಿಯುವಾಗ ಆಳೆತ್ತರದಿಂದ ಜಾರಿ, ಕುಂಟುತ್ತ ಮಗನ ಹೆಗಲು ಹಿಡಿದು ನಮ್ಮ ಜಗಲಿಗೆ ಬಂದ. ಕಾಲಿನ ಹರಡು ಗಡಿಗೆಯಂತೆ ಊದಿತ್ತು.

“ಏನಿಲ್ಲ ಡಾಕ್ಟ್ರಣ್ಣ, ಒಸಿ ಉಳುಕೈತೆ. ಎಣ್ಣೆ ಹಾಕಿ ನೀವಿಬಿಡಿ, ನಾಳೆ ಇನ್ನೊಂದು ತೋಟ ಐತೆ.”

“ನೀವೋಣ. ಅದಕ್ಕೆ ಮುಂಚೆ ನಾಲ್ಕು ಹೆಜ್ಜೆ ನಡಿ ನೋಡೋಣ, ಯಾರನ್ನೂ ಹಿಡ್ಕೊಳ್ದೆ.”

ಇದು ನನ್ನ ಉಪಾಯವಲ್ಲ. ಕೆನಡಾದ ಆಟವಾದಲ್ಲಿ ವೈದ್ಯರು ೧೯೯೨ರಲ್ಲಿ ಗೊತ್ತುಮಾಡಿದ ಕ್ರಮ. ಉಳುಕಿದ ಹರಡಿಗೆ ನಾಲ್ಕು ಹೆಜ್ಜೆ ಭಾರ ಹೊರಲಾಗದಿದ್ದರೆ, ಇಲ್ಲವೇ ಹರಡಿನ ಮೂಳೆಯ ಹಿಂಬದಿಯ ಅಂಚನ್ನು ಒತ್ತಿದಾಗ ಸರಿಯಾಗಿ ಮೂಳೆಯ ಮೇಲೆಯೇ ನೋವಾದರೆ, ಎಕ್ಸ್‌ರೇ ಆಗಬೇಕು. ಅವನು ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕಂಬ ಹಿಡಿದು ಕುಳಿತ. ಹೆಬ್ಬೆರಳಿನಿಂದ ಹೊರಗಿನ ಮೂಳೆಯ ಹಿಂಬದಿಯನ್ನು ಮೆಲ್ಲಗೆ ಒತ್ತಿದೆ, ಕಾಲು ಎಳೆದುಕೊಂಡ. ಎರಡು ಹಲಗೆ ಚೂರಿಟ್ಟು ಪಂಚೆಯಲ್ಲಿ ಸಡಿಲವಾಗಿ ಕಟ್ಟಿ ತಿಪಟೂರಿಗೆ ಕಳಿಸಿದೆ. ನೀವದೆ ಕಳಿಸಿದೆನೆಂದು ಅವನಿಗೆ ನನ್ನ ಮೇಲೆ ಕೋಪ ಬಂದಿತ್ತು, ಹೋಗುವಾಗ ಮಾತಾಡಲಿಲ್ಲ. ಮೂಳೆ ಸೀಳಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು.

ಪ್ಲಾಸ್ಟರ್ ಬಿಚ್ಚಿದ ಮಾರನೆಯ ದಿನ ಅವನೇ ಬಂದ. ಬಿಳುಚಿ, ಒಣಗಿ, ಸಿಪ್ಪೆ ಏಳುತ್ತಿದ್ದ ಕಾಲನ್ನು ಜಗಲಿಯ ಮೇಲೆ ನೀಡಿಕೊಂಡು ಕುಳಿತು, “ಇವಾಗಾದ್ರೂ ನೀವ್ತೀರೋ ಇಲ್ವೋ?” ಎಂದ. ನಾನು ಒಳಗೆ ಹೋಗಿ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಬಂದೆ.